ಹಲ್ಲಕ್ಕ ಮತ್ತೆ ಸಾಲ ತೆಗೆದಳು

ನನ್ನದು ಕನ್ನಡಕದ ಅಂಗಡಿ. ಅದರ ನೆತ್ತಿಯ ಮೇಲೆ ಹಲ್ಲಕ್ಕನ ಕೋಣೆ. ಕೆಳಗೆ ಕಣ್ಣು, ಮೇಲೆ ಹಲ್ಲು, ನಡುವೆ ಒಬ್ಬ ಮೂಗಿನ ಡಾಕ್ಟರು ಬಂದು ಕೂತರೆ ಈ ಕಟ್ಟಡಕ್ಕೆ ಒಂದು ಪೂರ್ತಿ ಮುಖ ಬರುತ್ತದೆ ಎಂದು ಅವಳು ಮೆಟ್ಟಿಲ ಮೇಲೆ ನಿಂತು ಆಗಾಗ ನಗುತ್ತಿದ್ದಳು. ನಕ್ಕರೆ ಬೀದಿಯ ಆಚೆ ಬದಿಗೂ ಕೇಳುತ್ತಿತ್ತು. ಮೆತ್ತಗೆ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ. ಹಾಗಾಗಿಯೇ ಅವಳ ಬದುಕಿನಲ್ಲಿ ನಡೆದದ್ದೆಲ್ಲ ನನಗೆ ಗೊತ್ತು. ಕದ್ದು ಕೇಳಬೇಕಾದ ಪ್ರಮೇಯವೇ ಬರಲಿಲ್ಲ.

ಅವಳದು ಕಟ್ಟುಹಲ್ಲು ಮಾಡುವ ಕೆಲಸ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವಳು ಅದಕ್ಕೆ ಪ್ಲಾಸ್ಟರು ಹುಯ್ದು ದವಡೆ ಮಾಡಿಕೊಂಡು, ಮೇಣದ ಒಸಡು ಕೂರಿಸಿ, ಒಂದೊಂದೇ ಹಲ್ಲನ್ನು ಬಿಸಿ ಚಾಕುವಿನ ತುದಿಯಿಂದ ನಿಲ್ಲಿಸುತ್ತಾ ಹೋಗುತ್ತಾಳೆ. ಗೋಡೆ ತುಂಬ ಕಪಾಟು, ಕಪಾಟು ತುಂಬ ಬಿಳಿ ದವಡೆಗಳು. ಹೊಸಬರು ಒಳಗೆ ಬಂದರೆ ಒಂದು ಕ್ಷಣ ಹೌಹಾರುತ್ತಿದ್ದರು. "ಹೆದರ್ಬೇಡಿ, ಯಾರೂ ಕಚ್ಚಲ್ಲ" ಎನ್ನುತ್ತಿದ್ದಳು. ಅಸಲಿ ಹೆಸರು ಅವಳಿಗೂ ಒಂದಿತ್ತು, ಆದರೆ ಆ ಹೆಸರು ಹಿಡಿದು ಕರೆಯುತ್ತಿದ್ದದ್ದು ಕೋರ್ಟು ಮತ್ತು ಬ್ಯಾಂಕು ಮಾತ್ರ. ಉಳಿದ ಎಲ್ಲರಿಗೂ ಹಲ್ಲಕ್ಕ.

ಅವಳು ಕೆಟ್ಟದ್ದು ಒಂದು ಯಂತ್ರದ ದೆಸೆಯಿಂದ. ಗಾಜಿನ ಬಾಗಿಲುಗಳ, ತಣ್ಣನೆ ಗಾಳಿಯ ದಂತ ಚಿಕಿತ್ಸಾಲಯಗಳನ್ನು ಸಾಲಾಗಿ ತೆರೆಯುತ್ತಿದ್ದ ಒಂದು ಕಂಪನಿಯವರು ಬಂದು, ನಮ್ಮ ಹಲ್ಲಿನ ಕೆಲಸವೆಲ್ಲ ನಿಮಗೇ ಕೊಡುತ್ತೇವೆ, ಆದರೆ ಕೈಯಲ್ಲಿ ಮಾಡಿದ್ದು ಬೇಡ, ಕಂಪ್ಯೂಟರು ಕೆತ್ತಿದ್ದೇ ಬೇಕು ಎಂದರು. ಹಲ್ಲು ಕೆತ್ತುವ ಆ ಯಂತ್ರದ ಬೆಲೆ ಒಂದು ಮನೆಯ ಬೆಲೆ. ಹಲ್ಲಕ್ಕ ಬ್ಯಾಂಕಿನಿಂದ ಸಾಲ ತೆಗೆದಳು. ಬ್ಯಾಂಕು ಜಾಮೀನು ಕೇಳಿತು. ಅವಳ ತಂಗಿ ಬಸ್ ಕಂಡಕ್ಟರು, ಕಾಯಂ ನೌಕರಿ, ತಿಂಗಳ ಸಂಬಳ. "ಎಲ್ಲಿ ಸೈನ್ ಹಾಕ್ಬೇಕು ಹೇಳಕ್ಕ, ನಂಗೆ ಡ್ಯೂಟಿಗೆ ಹೊತ್ತಾಯ್ತು" ಎಂದು ನಿಂತ ಕಾಲಲ್ಲೇ ಸಹಿ ಹಾಕಿ ಹೋದಳು.

ಯಂತ್ರ ಬಂತು. ಒಂದು ವರ್ಷ ಹಗಲಿಡೀ ಗುಂಯ್ಗುಟ್ಟಿತು. ಆಮೇಲೊಂದು ಸೋಮವಾರ ಗಾಜಿನ ಬಾಗಿಲುಗಳಿಗೆಲ್ಲ ಒಟ್ಟಿಗೆ ಬೀಗ ಬಿತ್ತು. ಕಂಪನಿ ಕೈಯೆತ್ತಿತ್ತು. ಹಲ್ಲಕ್ಕನಿಗೆ ಬರಬೇಕಾದ ಹಣವೂ ಹೋಯಿತು, ಬರಲಿದ್ದ ಕೆಲಸವೂ ಹೋಯಿತು. ಉಳಿದದ್ದು ಯಂತ್ರ ಮತ್ತು ಅದರ ಕಂತು. ಕಂತು ತಪ್ಪಿತು, ಫೋನುಗಳು ಶುರುವಾದವು. ಮೊದಮೊದಲು ಮೇಡಂ ಎನ್ನುತ್ತಿದ್ದವರು ಆಮೇಲೆ ಏನಮ್ಮಾ ಎನ್ನತೊಡಗಿದರು, ಅದಾದ ಮೇಲೆ ಅಮ್ಮನೂ ಇಲ್ಲ. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಕೆಲವು ತಿಂಗಳು ತಳ್ಳಿ ನೋಡಿದಳು. ಕೊನೆಗೆ ಒಂದು ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಮೆಟ್ಟಿಲಿಳಿದು ಬಂದಳು. "ಎಲ್ಲಿಗೆ?" ಎಂದೆ.

"ಕೋರ್ಟಿಗೆ. ದಿವಾಳಿ ಅಂತ ಅರ್ಜಿ ಹಾಕ್ತೀನಿ."

ಬೀದಿಯವರೆಲ್ಲ ತಿರುಗಿ ನೋಡಿದರು. "ಸ್ವಲ್ಪ ಮೆತ್ತಗೆ ಹೇಳಿ" ಎಂದೆ.

"ಯಾಕೆ? ನಾಳೆ ಇವರೇ ಪಿಸುಪಿಸು ಅಂತಾರೆ. ಅದಕ್ಕಿಂತ ಇವತ್ತು ನನ್ನ ಬಾಯಿಂದಲೇ ಕೇಳಲಿ ಬಿಡಿ."

ಕೋರ್ಟಿನ ಅಧಿಕಾರಿ ಸಾಮಾನು ವಶಕ್ಕೆ ತೆಗೆದುಕೊಳ್ಳಲು ಬಂದ ದಿನ ನಾನೂ ಮೇಲಿದ್ದೆ. ಯಂತ್ರ ಇಳಿಸುವಾಗ ಮೆಟ್ಟಿಲ ಕಟಾಂಜನ ಮುರಿಯಿತು. ಹಲ್ಲಕ್ಕ ತಲೆಯೆತ್ತಿ ನೋಡಲಿಲ್ಲ. ಮೇಜಿನ ಮುಂದೆ ಕೂತು ಸಣ್ಣ ಮೋಟಾರಿನಿಂದ ಒಂದು ಕಟ್ಟುಹಲ್ಲಿಗೆ ಹೊಳಪು ಕೊಡುತ್ತಿದ್ದಳು. ಆಳುಗಳಲ್ಲಿ ಒಬ್ಬ ಕಪಾಟಿನ ಕಡೆ ಕೈ ಚಾಚಿದ. ಆಗ ಮಾತ್ರ ಮೋಟಾರು ನಿಲ್ಲಿಸಿದಳು.

"ಅದನ್ನ ಮುಟ್ಬೇಡಿ. ಅವು ನನ್ನ ಆಸ್ತಿ ಅಲ್ಲ."

"ಮತ್ತೆ ಯಾರದು?" ಎಂದ ಅಧಿಕಾರಿ.

"ಜನರ ಬಾಯಿ ಅದು. ನಿಮ್ಮ ಆರ್ಡರಲ್ಲಿ ಜನರ ಬಾಯಿ ಜಪ್ತಿ ಮಾಡಿ ಅಂತ ಬರೆದಿದ್ರೆ ತೋರ್ಸಿ."

ಅಧಿಕಾರಿ ಕೆಟ್ಟವನಲ್ಲ. ನಗು ತಡೆದುಕೊಂಡು, ಕೈಕೆಲಸದ ಸಲಕರಣೆಗಳನ್ನೂ ಕಾನೂನು ಮುಟ್ಟುವುದಿಲ್ಲ, ಚಾಕು ಮೋಟಾರು ಇಟ್ಟುಕೊಳ್ಳಿ ಎಂದು ಹೇಳಿಹೋದ. ಅರ್ಧಕ್ಕೆ ನಿಂತಿದ್ದ ಹಲ್ಲುಗಳನ್ನೆಲ್ಲ ಅವಳು ಆ ವಾರವೇ ಮುಗಿಸಿ, ತಾನೇ ಡಬ್ಬಿಗಳಲ್ಲಿ ಹೊತ್ತುಕೊಂಡು ಹೋಗಿ ವೈದ್ಯರಿಗೆ ತಲುಪಿಸಿದಳು. ಕೋಣೆ ಬಿಡಬೇಕಾಗಿ ಬಂದಾಗ ದವಡೆಗಳ ರಟ್ಟಿನ ಪೆಟ್ಟಿಗೆಗಳು ನನ್ನ ಅಂಗಡಿಯ ಹಿಂಬದಿಗೆ ಬಂದವು.

ಹಲ್ಲಕ್ಕ ತಲೆ ಎತ್ತಿಕೊಂಡು ಓಡಾಡಿದಳು ನಿಜ. ಆದರೆ ಒಬ್ಬರ ಎದುರು ಮಾತ್ರ ಅವಳ ಧ್ವನಿ ಉಡುಗುತ್ತಿತ್ತು. ದಿವಾಳಿ ಎಂದು ಕೋರ್ಟು ಹೇಳಿದ ಮೇಲೆ ಬ್ಯಾಂಕು ಅವಳನ್ನು ಬಿಟ್ಟು ಜಾಮೀನುದಾರಳನ್ನು ಹಿಡಿಯಿತು. ತಂಗಿಯ ಸಂಬಳದಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳಲು ಶುರುಮಾಡಿತು. ತಂಗಿ ಸ್ವಂತ ಮನೆಗೆಂದು ಕೂಡಿಟ್ಟದ್ದು ಕರಗಿತು. ಒಂದು ಸಂಜೆ ಅವಳು ಕಂಡಕ್ಟರ ಸಮವಸ್ತ್ರದಲ್ಲೇ ಅಕ್ಕನ ಮನೆ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ಹೇಳಿದಳಂತೆ: "ನಿಂಗೆ ಕೋರ್ಟು ಬಿಡುಗಡೆ ಕೊಡುತ್ತೆ. ನಂಗೆ ಯಾರು ಕೊಡ್ತಾರಕ್ಕಾ?" ಅಷ್ಟೇ. ಆಮೇಲೆ ಮಾತು ಬಿಟ್ಟಳು.

ಹಲ್ಲಕ್ಕ ಇನ್ನೊಬ್ಬರ ಲ್ಯಾಬಿನಲ್ಲಿ ಕೂಲಿಗೆ ಸೇರಿದಳು. ಹಲ್ಲಿಗೆ ಇಷ್ಟು ಎಂದು ಲೆಕ್ಕ. ಸಿಕ್ಕಿದ್ದರಲ್ಲಿ ಒಂದು ಪಾಲು ಪ್ರತಿ ತಿಂಗಳು ತಂಗಿಗೆ ಕಳಿಸುತ್ತಿದ್ದಳು. ಕಾನೂನಿನ ಪ್ರಕಾರ ಹಾಗೆ ಕೊಡಬೇಕಾಗಿರಲಿಲ್ಲ. ಮೊದಲ ಸಲ ತಂಗಿ ಅದನ್ನು ವಾಪಸು ಕಳಿಸಿದಳು. ಎರಡನೆಯ ಸಲವೂ ಕಳಿಸಿದಳು. ಹಲ್ಲಕ್ಕ ಬಸ್ ಡಿಪೋಗೇ ಹೋಗಿ, ಚಾಲಕರು ಕಂಡಕ್ಟರುಗಳ ಗುಂಪಿನ ನಡುವೆ ನಿಂತು, "ತಗೊಳ್ತೀಯೋ ಇಲ್ಲ ಇಲ್ಲೇ ಕೂಗಾಡ್ಲೋ?" ಎಂದಳು. ಅಕ್ಕನ ಕೂಗಾಟ ಹೇಗಿರುತ್ತದೆಂದು ತಂಗಿಗೆ ಗೊತ್ತು. ತೆಗೆದುಕೊಂಡಳು. ಮಾತು ಮಾತ್ರ ಆಡಲಿಲ್ಲ.

ಹೀಗೆ ಕೆಲವು ವರ್ಷ ಕಳೆದು, ಕೋರ್ಟು ಅವಳನ್ನು ದಿವಾಳಿತನದಿಂದ ಬಿಡುಗಡೆ ಮಾಡಿತು. ಬಿಡುಗಡೆಯ ಆದೇಶ ಹಿಡಿದುಕೊಂಡು ಅವಳು ಮೊದಲು ಬಂದದ್ದು ನಮ್ಮ ಕಟ್ಟಡಕ್ಕೆ. ಮೇಲಿನ ಕೋಣೆ ಮತ್ತೆ ಖಾಲಿಯಿತ್ತು, ಅದನ್ನೇ ಬಾಡಿಗೆಗೆ ಹಿಡಿದು ದವಡೆಗಳ ಪೆಟ್ಟಿಗೆಗಳನ್ನು ಮೇಲೆ ಸಾಗಿಸಿದಳು. ಅವಳ ಹಳೆಯ ಪರಿಚಯದ ವೃದ್ಧ ದಂತವೈದ್ಯರೊಬ್ಬರು, ನೀನು ಮತ್ತೆ ಸ್ವಂತಕ್ಕೆ ಶುರುಮಾಡಿದರೆ ನನ್ನ ಕೆಲಸವೆಲ್ಲ ನಿನಗೇ ಎಂದಿದ್ದರು. ಆದರೆ ಅವರಿಗೆ ಬೇಕಿದ್ದದ್ದು ಪಿಂಗಾಣಿ ಹಲ್ಲು. ಅದನ್ನು ಸುಡಲು ಕುಲುಮೆ ಬೇಕು, ಕುಲುಮೆಗೆ ಸಾಲ ಬೇಕು.

ಸಾಲ ಎಂಬ ಪದ ಕೇಳಿದ್ದೇ ಅವಳ ಗಂಡ ಕೂತಲ್ಲಿಂದ ಎದ್ದ. ಅವನು ಶಾಲೆಯ ವ್ಯಾನು ಓಡಿಸುವವ. ಮಕ್ಕಳ ಗಲಾಟೆ ಕೇಳಿ ಕೇಳಿ ತಾನು ಮಾತಾಡುವುದನ್ನೇ ಬಿಟ್ಟಿದ್ದ ಮನುಷ್ಯ. ಆ ದಿನ ಮಾತಾಡಿದ.

"ಮತ್ತೆ ಸಾಲ? ಬಿದ್ದ ಬಾವಿಗೇ ಮತ್ತೆ ಹಾರ್ತೀಯಾ?"

"ನೀರು ಬೇಕಲ್ಲ, ಮತ್ತೆಲ್ಲಿಗೆ ಹೋಗ್ಲಿ?"

"ಹಾಗಾದ್ರೆ ನನ್ನ ಹೆಸರಲ್ಲಿ ತೆಗಿ."

"ಬೇಡ. ಕೆಟ್ಟಿರೋದು ನನ್ನ ಹೆಸರು. ನಿಮ್ಮ ಹೆಸರಿಗೆ ಬಣ್ಣ ಬಳಿದ್ರೆ ನನ್ನದು ಸರಿ ಹೋಗುತ್ತಾ?"

ಬ್ಯಾಂಕಿಗೆ ಹೋಗುವ ಮೊದಲು ತನ್ನ ಹೆಸರಿನ ಆರೋಗ್ಯ ಎಷ್ಟಿದೆ ನೋಡೋಣವೆಂದು ಅವಳು ಗೃಹೋಪಯೋಗಿ ವಸ್ತುಗಳ ಅಂಗಡಿಗೆ ಹೋಗಿ ಒಂದು ಮಿಕ್ಸರನ್ನು ಕಂತಿನಲ್ಲಿ ಕೇಳಿದಳು. ಕೌಂಟರಿನವನು ಅವಳ ಪ್ಯಾನ್ ನಂಬರು ಕಂಪ್ಯೂಟರಿಗೆ ಒತ್ತಿದ. ಮುಖದ ಮೇಲಿನ ನಗು ಬತ್ತಿತು. "ಮೇಡಂ, ಸಿಸ್ಟಮ್ ತಗೊಳ್ತಿಲ್ಲ."

"ಏನಾಗಿದೆಯಂತೆ ಅದಕ್ಕೆ? ಅಜೀರ್ಣವಾ?"

"ಇಲ್ಲ ಮೇಡಂ, ನಿಮ್ಮ ಹೆಸರಿಗೆ... ಬೇರೆ ಯಾರದಾದ್ರೂ ಹೆಸರಿದ್ರೆ..."

"ದಿವಾಳಿ ಆಗಿದ್ದೆ, ಅದಕ್ಕೆ. ಹೇಳೋಕೆ ನಿಮಗ್ಯಾಕೆ ಸಂಕೋಚ? ನನಗೇ ಇಲ್ಲ" ಎಂದು ಎದ್ದು ಬಂದಳು. ಬಂದವಳು ನನ್ನ ಅಂಗಡಿಯಲ್ಲಿ ಕೂತು ಒಂದು ಲೋಟ ನೀರು ಕುಡಿದಳು. "ಒಂದು ಮಿಕ್ಸರಿಗೂ ನಾನು ಲಾಯಕ್ಕಿಲ್ಲ ನೋಡಿ" ಎಂದಳು. ನಾನು ಲೋಟಕ್ಕೆ ಮತ್ತೆ ನೀರು ಬಗ್ಗಿಸುತ್ತಿದ್ದೆ. ಅಷ್ಟರಲ್ಲಿ ಅವಳೇ, "ಆಯ್ತು, ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಯ್ತಲ್ಲ" ಎಂದು ಎದ್ದಳು.

ಮುಖ್ಯ ರಸ್ತೆಯ ಬ್ಯಾಂಕಿನಲ್ಲಿ ಸಾಲದ ವಿಭಾಗಕ್ಕೆ ಒಬ್ಬಳು ಹೊಸ ಅಧಿಕಾರಿ ಬಂದಿದ್ದಳು. ಚಿಕ್ಕ ವಯಸ್ಸು, ದಪ್ಪ ಕನ್ನಡಕ. ಆ ಕನ್ನಡಕ ನಾನು ಮಾಡಿಕೊಟ್ಟದ್ದೇ. ಅವಳು ಸುತ್ತಿಬಳಸದೆ ಹೇಳಿದಳು: ಈಗಲೇ ಸಾಲ ಅಸಾಧ್ಯ. ಮೊದಲು ಒಂದಿಷ್ಟು ಹಣ ಠೇವಣಿ ಇಡಿ, ಅದರ ಮೇಲೆ ಒಂದು ಸಣ್ಣ ಕ್ರೆಡಿಟ್ ಕಾರ್ಡ್ ಕೊಡುತ್ತೇವೆ. ಖರ್ಚು ಮಾಡಿ, ಗಡುವಿಗೆ ಮುಂಚೆ ಕಟ್ಟಿ. ಹೀಗೆ ಮಾಡುತ್ತಾ ಹೋದರೆ ನಿಮ್ಮ ಕ್ರೆಡಿಟ್ ಸ್ಕೋರು, ಅಂದರೆ ಸಾಲ ತೀರಿಸುವವರಿಗೆ ಕೊಡುವ ಅಂಕ, ಏರುತ್ತದೆ.

"ಅಂದ್ರೆ ನನ್ನ ದುಡ್ಡನ್ನೇ ನನಗೆ ಸಾಲ ಕೊಡ್ತೀರಾ?"

"ಒಂಥರಾ ಹಾಗೇನೇ."

"ಇದಕ್ಕೆ ಓದಿ ಪಾಸಾಗಿ ಬಂದ್ರಾ ಇವ್ರೆಲ್ಲ!" ಎಂದು ಬ್ಯಾಂಕಿನಲ್ಲಿ ಎಲ್ಲರಿಗೂ ಕೇಳುವಂತೆ ನಕ್ಕು, ಠೇವಣಿ ಇಟ್ಟು ಬಂದಳು. ಆ ಕಾರ್ಡಿನಲ್ಲಿ ಅವಳು ಕೊಂಡದ್ದು ಪ್ಲಾಸ್ಟರು ಮತ್ತು ಮೇಣ, ಬೇರೇನೂ ಇಲ್ಲ. ಬಿಲ್ಲು ಬಂದ ದಿನವೇ ಕಟ್ಟುತ್ತಿದ್ದಳು. ಮಕ್ಕಳು ಅಂಕಪಟ್ಟಿ ತೋರಿಸುವ ಹಾಗೆ ಫೋನಿನಲ್ಲಿ ತನ್ನ ಅಂಕ ತೆಗೆದು ನನಗೆ ತೋರಿಸುತ್ತಿದ್ದಳು. ಸ್ವಲ್ಪ ಏರಿತು. ಆಮೇಲೆ ಕಲ್ಲಿಗೆ ಬಡಿದ ಹಾಗೆ ನಿಂತುಬಿಟ್ಟಿತು.

ಯಾಕೆಂದು ನೋಡಿದರೆ, ಹಳೆಯ ಬ್ಯಾಂಕಿನವರು ತಮ್ಮ ದಾಖಲೆಯಲ್ಲಿ ಅವಳ ಸಾಲ ಇನ್ನೂ ಬಾಕಿ ಎಂದೇ ತೋರಿಸುತ್ತಿದ್ದರು. ಕೋರ್ಟು ಬಿಟ್ಟಿದೆ, ತಂಗಿಯ ಸಂಬಳದಿಂದ ಕೊನೆಯ ಕಂತೂ ಮುರಿದಾಗಿದೆ, ಆದರೂ ಬಾಕಿ. ಅರ್ಜಿ ಬರೆದಳು, ಉತ್ತರವಿಲ್ಲ. ಫೋನು ಮಾಡಿದಳು, ಸಂಗೀತ ಕೇಳಿಸಿದರು. ಕೊನೆಗೆ ಕೋರ್ಟಿನ ಆದೇಶವನ್ನೂ ಒಂದು ಮುರುಕು ಮಾದರಿ ದವಡೆಯನ್ನೂ ಚೀಲಕ್ಕೆ ಹಾಕಿಕೊಂಡು ಅವರ ಪ್ರಧಾನ ಕಚೇರಿಗೇ ಹೋದಳು. ಸ್ವಾಗತದ ಮೇಜಿನ ಎದುರಿದ್ದ ಸೋಫಾದಲ್ಲಿ ಕೂತು, ಮೇಣ ತೆಗೆದು, ಮಡಿಲ ಮೇಲೆ ಬಟ್ಟೆ ಹಾಸಿಕೊಂಡು ದವಡೆಗೆ ಒಸಡು ಕಟ್ಟತೊಡಗಿದಳು. ಕಾವಲುಗಾರ ಬಂದ.

"ಅಮ್ಮಾ, ಇಲ್ಲಿ ಇದೆಲ್ಲ ಮಾಡ್ಬಾರ್ದು."

"ಯಾಕಪ್ಪ? ಸುಮ್ನೆ ಕೂತ್ರೆ ಬೇಜಾರಾಗುತ್ತೆ."

"ಯಾವಾಗ ಹೋಗ್ತೀರಿ?"

"ನನ್ನ ಹೆಸರು ಸರಿಯಾದಾಗ."

ಮರುದಿನವೂ ಹೋದಳು. ಸೂಟು ಹಾಕಿದ ಗಿರಾಕಿಗಳು ಬಂದು ಎದುರಿಗೆ ಕೂತು, ಅವಳ ಮಡಿಲಲ್ಲಿದ್ದ ಬಾಯಿ ನೋಡಿ ಎದ್ದು ಬೇರೆಡೆ ಕೂರುತ್ತಿದ್ದರಂತೆ. ಮೂರನೆಯ ದಿನ ಒಳಗಿನಿಂದ ಒಬ್ಬರು ಬಂದು ಕರೆದರು. ಕಾಗದ ನೋಡಿದರು. ತಪ್ಪಾಗಿದೆ ಎಂದರು.

"ಗೊತ್ತು. ಅದನ್ನ ಬರೆದು ಕೊಡಿ" ಎಂದಳು ಹಲ್ಲಕ್ಕ.

ಆ ಕಲೆ ಅಳಿದ ಮೇಲೆ ಅಂಕ ಮತ್ತೆ ಅಲುಗಿತು. ಕನ್ನಡಕದ ಅಧಿಕಾರಿ ಕೊನೆಗೊಂದು ದಿನ ಅವಳನ್ನು ಕರೆಸಿ, ಕುಲುಮೆಯ ಸಾಲಕ್ಕೆ ಅರ್ಜಿ ಕೊಡಿ ಎಂದಳು. ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಹಿಂದೆ ಎಂದಾದರೂ ದಿವಾಳಿಯೆಂದು ಘೋಷಿತರಾಗಿದ್ದೀರಾ? ಅಧಿಕಾರಿ ತಗ್ಗಿದ ದನಿಯಲ್ಲಿ, "ವರ್ಷ ಎಷ್ಟೋ ಆಯ್ತಲ್ಲ, ಅದನ್ನ ಈಗ ಖಾಲಿ ಬಿಡಬಹುದು. ಹಾಕ್ಲೇಬೇಕು ಅಂತಿಲ್ಲ" ಎಂದಳು.

ಹಲ್ಲಕ್ಕ ಪೆನ್ನು ಒತ್ತಿ ಹೌದು ಎಂದು ಬರೆದಳು. "ನಾನೇನು ತಲೆ ತಪ್ಪಿಸ್ಕೊಂಡು ಓಡಿ ಹೋಗಿದ್ನಾ? ಹಗಲು ಹೊತ್ತಲ್ಲಿ ನಡ್ಕೊಂಡು ಕೋರ್ಟಿಗೆ ಹೋದವಳು ನಾನು. ಇದನ್ನ ನೋಡಿಯೂ ಕೊಡ್ತೀರಾ ಅಂದ್ರೆ ಕೊಡಿ. ನೋಡದೆ ಕೊಡೋದು ನಂಗೆ ಬೇಡ."

ಅಧಿಕಾರಿ ಅರ್ಜಿಯನ್ನು ಮೇಲಕ್ಕೆ ಕಳಿಸಿದಳು. ಮೇಲಿನವರು ಒಂದೇ ಮಾತು ಹೇಳಿದರು: ಜಾಮೀನು ತರಲಿ, ಪೂರ್ತಿ ಕೊಡೋಣ.

ಹಲ್ಲಕ್ಕ ಇಲ್ಲ ಎಂದು ಎದ್ದು ಬಂದಳು. ಆ ಸಂಜೆ ಅವಳ ಗಂಡ ಎರಡನೆಯ ಸಲ ಬಾಯಿ ಬಿಟ್ಟ. ವ್ಯಾನು ಡಿಪೋ ಹತ್ತಿರ ನಿಲ್ಲಿಸಿ ನಾದಿನಿಗೆ ವಿಷಯ ಮುಟ್ಟಿಸಿದ. ಮರುದಿನ ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಟಿಕೆಟು ಚೀಲ ನೇತುಹಾಕಿಕೊಂಡ ಹೆಂಗಸೊಬ್ಬಳು ದಡದಡನೆ ಮೆಟ್ಟಿಲು ಹತ್ತಿದಳು. ಏನು ನಡೆಯುತ್ತದೋ ಎಂದು ನಾನೂ ಹಿಂದೆಯೇ ಹೋದೆ.

"ಎಲ್ಲಿದೆ ಫಾರಂ?" ಎಂದಳು ತಂಗಿ. ಅಷ್ಟು ವರ್ಷಗಳ ಮೇಲೆ ಅಕ್ಕನ ಜೊತೆ ಆಡಿದ ಮೊದಲ ಮಾತು ಅದು.

ಹಲ್ಲಕ್ಕನ ಕೈಯಲ್ಲಿದ್ದ ಮೇಣದ ಚಾಕು ಹಾಗೇ ನಿಂತಿತು. "ಯಾವ ಫಾರಂ?"

"ನಾಟಕ ಆಡ್ಬೇಡ. ಜಾಮೀನು ಬೇಕಂತಲ್ಲ. ಕೊಡು, ಸೈನ್ ಹಾಕ್ತೀನಿ. ನನ್ನ ಬಸ್ಸು ಹೊರಡೋಕೆ ಇನ್ನೂ ಟೈಮಿದೆ."

"ನಿಂಗೆ ಬುದ್ಧಿ ಇದೆಯೇನೇ? ಸೈನ್ ಹಾಕಿದ್ರೆ ಕೈ ಮುರೀತೀನಿ."

"ಮುರಿ. ಎಡಗೈಯಲ್ಲಿ ಹಾಕ್ತೀನಿ."

"ಹೋದ ಸಲ ಹಾಕಿ ಏನಾಯ್ತು ಅಂತ ಮರೆತೋಯ್ತಾ?"

"ಮರೆಯೋದಾ! ಪ್ರತಿ ತಿಂಗಳು ಸಂಬಳದ ಚೀಟಿ ನೋಡಿ ನಿಂಗೆ ಶಾಪ ಹಾಕ್ತಿದ್ದೆ. ನೀನು ದುಡ್ಡು ಕಳಿಸಿದಾಗ ಇನ್ನೂ ಜಾಸ್ತಿ ಹಾಕ್ತಿದ್ದೆ, ನೆಮ್ಮದಿಯಾಗಿ ಸಿಟ್ಟು ಮಾಡ್ಕೊಳ್ಳೋಕೂ ಬಿಡಲ್ಲವಲ್ಲ ಇವಳು ಅಂತ." ತಂಗಿ ಟಿಕೆಟು ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು, ದವಡೆಗಳು ಗಡಗಡಿಸಿದವು. "ಡಿಪೋದಲ್ಲಿ ಎಲ್ರೂ ನನ್ನನ್ನ ಆಡ್ಕೊಂಡ್ರು. ಅಕ್ಕನಿಗೆ ಸೈನ್ ಹಾಕಿ ಮುಳುಗಿದ ಪೆದ್ದಿ ಅಂತ. ಇನ್ನೊಂದು ಸಲ ಹಾಕಿ, ಮುಳುಗದೆ ತೋರಿಸ್ಬೇಕು ನಂಗೆ."

ಹಲ್ಲಕ್ಕ ಮೇಣದ ಚಾಕು ಕೆಳಗಿಟ್ಟಳು. ಆಮೇಲೆ ಎದ್ದು ಕೈ ಒರೆಸಿಕೊಂಡಳು.

"ನೀನು ತೋರಿಸ್ಬೇಕಾದ್ದು ಏನೂ ಇಲ್ಲ. ನೀನು ಒಂದು ಕಂತೂ ತಪ್ಪಿಸಲಿಲ್ಲ. ತೋರಿಸ್ಬೇಕಾದವಳು ನಾನು. ನಿನ್ನ ಸಹಿ ಹಿಡ್ಕೊಂಡು ಎದ್ರೆ ಅದು ನಾನು ಎದ್ದ ಹಾಗಲ್ಲ ಕಣೇ. ಬೇಡ."

"ಅಹಂಕಾರ ನಿಂಗೆ."

"ಹೂಂ. ಅದನ್ನ ಕೋರ್ಟಿನವರು ಜಪ್ತಿ ಮಾಡೋಕೆ ಮರೆತರು."

ತಂಗಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಆದರೆ ಸೋಲಲಿಲ್ಲ; ಬೈದಳು. ಅಕ್ಕನೂ ಬೈದಳು. ಚಿಕ್ಕಂದಿನಲ್ಲಿ ಯಾರು ಯಾರ ಜಡೆ ಕತ್ತರಿಸಿದರು ಎಂಬಲ್ಲಿಗೆ ಜಗಳ ಹೋದಾಗ ನಾನು ಕೆಳಗಿಳಿದು ಬಂದೆ. ಆ ದಿನ ಅವಳ ಬಸ್ಸು ತಡವಾಗಿ ಹೊರಟಿತಂತೆ, ಪ್ರಯಾಣಿಕರು ಅವಳಿಗೂ ಬೈದರಂತೆ.

ಜಾಮೀನಿಲ್ಲದೆ ಬ್ಯಾಂಕು ಕೊಟ್ಟದ್ದು ಕೇಳಿದ್ದರ ಅರ್ಧ, ಬಡ್ಡಿಯೂ ಜಾಸ್ತಿ. ಹಲ್ಲಕ್ಕ ಅಷ್ಟಕ್ಕೇ ಸಹಿ ಹಾಕಿದಳು. ಆ ಹಣಕ್ಕೆ ಹೊಸ ಕುಲುಮೆ ಬರುವಂತಿರಲಿಲ್ಲ. ಮುಚ್ಚಿಹೋದ ಯಾವುದೋ ಲ್ಯಾಬಿನ ಹಳೆಯ ಕುಲುಮೆಯೊಂದು ಸಿಕ್ಕಿತು. ಗಂಡ ಶಾಲೆಯ ವ್ಯಾನಿನಲ್ಲೇ ಅದನ್ನು ತಂದ. ಅದರ ಬಿಸಿ ಒಂದು ಮೂಲೆಯಲ್ಲಿ ಹೆಚ್ಚು, ಒಂದು ಮೂಲೆಯಲ್ಲಿ ಕಡಿಮೆ. ಮೊದಲು ಸುಟ್ಟ ಹಲ್ಲುಗಳೆಲ್ಲ ಕೂದಲೆಳೆಯಂತೆ ಬಿರುಕು ಬಿಟ್ಟವು. ಎರಡನೆಯ ಸಲ ಬಣ್ಣ ಕೆಟ್ಟಿತು. ವೃದ್ಧ ವೈದ್ಯರು ಕಾಯುತ್ತೇನೆ ಎಂದರು, ಆದರೆ ಅವರ ರೋಗಿಗಳು ಬಾಯಿ ತೆರೆದುಕೊಂಡು ಎಷ್ಟು ದಿನ ಕಾದಾರು? ಮೊದಲ ಕಂತಿನ ದಿನ ಹತ್ತಿರ ಬಂತು. ಗಂಡ ಕೋಣೆಗೆ ಬುತ್ತಿ ತಂದು ಊಟಕ್ಕೆ ಕೂತಾಗ ಕುಲುಮೆಯ ಕಡೆ ಬೆನ್ನು ಹಾಕಿ ಕೂರತೊಡಗಿದ್ದ.

ಆ ಕಂತನ್ನು ಅವಳು ಹಗಲು ಮೊದಲು ದುಡಿಯುತ್ತಿದ್ದ ಲ್ಯಾಬಿಗೇ ಮತ್ತೆ ಕೂಲಿಗೆ ಹೋಗಿ ಕಟ್ಟಿದಳು. ಸಂಜೆ ಬಂದು ಕುಲುಮೆ ಬಿಚ್ಚುತ್ತಿದ್ದಳು. ತಂತಿ ಬದಲಾಯಿಸಿ ನೋಡಿದಳು, ಇಟ್ಟಿಗೆ ಬದಲಾಯಿಸಿದಳು, ಕೊನೆಗೆ ಹಲ್ಲುಗಳನ್ನು ನಡುವಿನಲ್ಲಿ ಮಾತ್ರ ಇಟ್ಟು, ಸ್ವಲ್ಪಸ್ವಲ್ಪವೇ ಸುಡಲು ಕಲಿತಳು. ನಿಧಾನದ ಕೆಲಸ. ಒಂದು ಬೆಳಿಗ್ಗೆ ಮೇಲಿಂದ ಅವಳ ಕೂಗು ಕೇಳಿ ಬೆಂಕಿ ಬಿತ್ತೆಂದೇ ಓಡಿದೆ. ಕಿಟಕಿಯ ಬೆಳಕಿಗೆ ಒಂದು ಹಲ್ಲು ಹಿಡಿದು ನಿಂತಿದ್ದಳು. ಬಿರುಕಿಲ್ಲ, ಬಣ್ಣ ಹದವಾಗಿದೆ. "ನೋಡಿ, ನೋಡಿ! ನಿಮ್ಮ ಅಂಗಡಿಯ ಭೂತಗನ್ನಡಿ ತನ್ನಿ, ಅದರಲ್ಲಿ ನೋಡಿ!" ತಂದೆ. ನೋಡಿದೆ. ನಿಜಕ್ಕೂ ಹಲ್ಲಿನ ಹಾಗೇ ಇತ್ತು.

ಆಮೇಲೆ ಕೆಲಸ ಹಿಡಿಯಿತು. ಒಂದು ಸಲವೂ ಕಂತು ತಪ್ಪಲಿಲ್ಲ. ಹಾಗೆಂದು ಎಲ್ಲ ಸಲೀಸಾಗಿತ್ತು ಎನ್ನಲಾರೆ. ಒಂದೆರಡು ತಿಂಗಳು ಅವಳು ಬಾಡಿಗೆ ತಡಮಾಡಿ ಕಂತು ಕಟ್ಟಿದ್ದು ನಮ್ಮ ಕಟ್ಟಡದ ಯಜಮಾನನಿಗೆ ಗೊತ್ತು. ತಂಗಿ ಈಗ ಬರುತ್ತಾಳೆ, ಬಂದಾಗ ಚಹಾ ಕುಡಿಯುತ್ತಾಳೆ, ಆದರೆ ಎಲ್ಲ ಮೊದಲಿನಂತಾಗಿಲ್ಲ. ತಂಗಿ ಕಟ್ಟಿಸಬೇಕೆಂದಿದ್ದ ಮನೆಯ ಮಾತು ಬಂದರೆ ಇಬ್ಬರೂ ಬೇರೆ ಕಡೆ ನೋಡುತ್ತಾರೆ. ತಂಗಿಗೆ ಹೋಗುವ ತಿಂಗಳ ಪಾಲು ಇನ್ನೂ ಹೋಗುತ್ತಿದೆ.

ಕುಲುಮೆಯ ಸಾಲ ತೀರಿದ ದಿನ ಗಂಡ ನಿಟ್ಟುಸಿರು ಬಿಟ್ಟು, "ಅಬ್ಬಾ, ಇನ್ನು ಸಾಕು" ಎಂದ. ಹಲ್ಲಕ್ಕ ಮರುವಾರವೇ ಬ್ಯಾಂಕಿಗೆ ಹೋಗಿ, ಲ್ಯಾಬು ದೊಡ್ಡದು ಮಾಡಬೇಕೆಂದು ದೊಡ್ಡ ಸಾಲಕ್ಕೆ ಅರ್ಜಿ ಕೊಟ್ಟಳು. ಈ ಸಲ ಜಾಮೀನಿನ ಮಾತೇ ಬರಲಿಲ್ಲ. ಬಂಧುಬಳಗದಲ್ಲಿ ಗುಲ್ಲೆದ್ದಿತು. ಅವಳ ಚಿಕ್ಕಪ್ಪ ಮನೆಗೇ ಬಂದು, ನಿನಗೆ ನಾಚಿಕೆ ಇಲ್ಲವೇ ಎಂದು ಕೇಳಿದರು.

"ಇತ್ತು ಚಿಕ್ಕಪ್ಪ. ಅದರ ಕಂತು ಕಟ್ಟಿ ಮುಗಿಸಿದೀನಿ" ಎಂದಳಂತೆ.

ಹೋದ ವಾರ ಮುಂದಿನ ಬೀದಿಯಲ್ಲಿ ಒಂದು ದೊಡ್ಡ ಹಜಾರ ಬಾಡಿಗೆಗಿದೆ ಎಂದು ನೋಡಲು ಹೊರಟಳು. ನನ್ನನ್ನೂ ಎಳೆದುಕೊಂಡು ಹೋದಳು. ಉತ್ತರಕ್ಕೆ ಮೂರು ಕಿಟಕಿ, ಬಣ್ಣ ನೋಡಲು ಬೇಕಾದ ತಣ್ಣನೆ ಬೆಳಕು. ಕುಲುಮೆಯ ಭಾರ ತಡೆಯುತ್ತದೋ ಇಲ್ಲವೋ ಎಂದು ನೆಲದ ಮೇಲೆ ಎರಡು ಸಲ ಹಾರಿ ನೋಡಿದಳು. ಕೆಳಗಿನ ಮನೆಯವರು ಕೂಗಿದರು. ಆ ಹಜಾರದ ಯಜಮಾನ ಅವಳ ಪ್ಲಾಸ್ಟರು ಮೆತ್ತಿದ ಚಪ್ಪಲಿ ನೋಡಿ, "ಮುಂಗಡ ಸ್ವಲ್ಪ ಹೆಚ್ಚಿದೆ. ದುಡ್ಡು ಎಲ್ಲಿಂದ ತರ್ತೀರಾ?" ಎಂದ.

"ಸಾಲ ತೆಗೀತೀನಿ."

"ಕೊಡ್ತಾರಾ ನಿಮಗೆ?"

"ಕೊಡ್ತಾರೆ" ಎಂದಳು ಹಲ್ಲಕ್ಕ, ಆ ಖಾಲಿ ಹಜಾರದಲ್ಲಿ ಮಾರ್ದನಿಸುವಷ್ಟು ಗಟ್ಟಿಯಾಗಿ. "ನೀರಿನ ನಲ್ಲಿ ಎಲ್ಲಿದೆ, ಅದನ್ನ ತೋರ್ಸಿ ಮೊದ್ಲು."